ಸಹಾಯ ಬೇಕು: 30 ಲೀಟರ್ ಫರ್ಮೆಂಟರ್‌ಗೆ (ಬಿಯರ್ ಹುದುಗಿಸುವ ಪಾತ್ರೆ) ಎಷ್ಟು ಲೀಟರ್ ವರ್ಟ್ (ಹುದುಗುವ ಮೊದಲಿನ ಬಿಯರ್ ದ್ರವ) ಹಾಕಬೇಕು?

ಮಾಡಬೇಕಿರುವುದು ಗೋಧಿ ಬಿಯರ್, ಬಾಟಲಿಗೆ 23 ಲೀಟರ್ ಸಿಗಬೇಕು. ತಳದ ಗಸಿಗೆ ಒಂದೂವರೆ-ಎರಡು ಲೀಟರ್ ಹೋಗುವುದರಿಂದ 25 ತುಂಬಬೇಕಾಗುತ್ತದೆ. ಮೇಲೆ ಉಳಿಯುವುದು ಬರೀ 5. ಸಾಮಾನ್ಯ ಏಲ್ (ಒಂದು ಬಗೆಯ ಬಿಯರ್) ಯೀಸ್ಟ್‌ಗೆ ಹೇಗೋ ಸಾಕು. ಗೋಧಿ ಬಿಯರ್ ಯೀಸ್ಟಿನ ನೊರೆ ಮಾತ್ರ ಹಾಲುಕ್ಕಿದಂತೆ ಏರುತ್ತದೆ, ಏರ್‌ಲಾಕ್‌ನಲ್ಲಿ (ಒಳಗಿನ ಅನಿಲ ಬಿಟ್ಟು ಹೊರಗಿನ ಗಾಳಿ ತಡೆಯುವ ಸಣ್ಣ ಸಾಧನ) ಹಾಪ್ (ಬಿಯರ್‌ಗೆ ಕಹಿ ಕೊಡುವ ಹೂವು) ಚೂರು ಸಿಕ್ಕಿಕೊಂಡರೆ ಒತ್ತಡಕ್ಕೆ ಮುಚ್ಚಳವೇ ಹಾರೀತು. ಕಾಲು ಭಾಗ ಖಾಲಿ ಬಿಟ್ಟರೆ 22.5 ಲೀಟರ್ ಅಷ್ಟೇ, ಬಾಟಲಿಗೆ 21 ಬಂದರೆ ಹೆಚ್ಚು.

25 ಲೀಟರೇ ಹಾಕಿ, ಏರ್‌ಲಾಕ್ ತೆಗೆದು ದಪ್ಪ ಬ್ಲೋ-ಆಫ್ ಕೊಳವೆ (ಉಕ್ಕುವ ನೊರೆ, ಅನಿಲ ಹೊರಹೋಗುವ ಕೊಳವೆ) ಹಾಕಿ ಅದರ ತುದಿಯನ್ನು ಸ್ಯಾನಿಟೈಸರ್ ನೀರಿನಲ್ಲಿ ಮುಳುಗಿಸಿ, 18 ಡಿಗ್ರಿಯಲ್ಲಿ ಇಟ್ಟರೆ ನಡೆಯುತ್ತದೆಯೇ? ಕೊಳವೆಯ ಒಳವ್ಯಾಸ ಎಷ್ಟಿರಲಿ?

ಇನ್ನೊಂದು: ಇದರಲ್ಲೇ 12 ಲೀಟರ್ ಹಾಕಿದರೆ, ಹುದುಗುವಾಗ ಕಾರ್ಬನ್ ಡೈಆಕ್ಸೈಡ್ ಗಾಳಿಯನ್ನು ಹೊರದಬ್ಬುತ್ತದೆ, ಸರಿ. ಹುದುಗು ನಿಂತ ಮೇಲೆ, ಆಕ್ಸಿಜನ್ ತಗುಲಿ ರುಚಿ ಕೆಡದಂತೆ ಎಷ್ಟು ದಿನ ಬಿಡಬಹುದು?