ಅಪ್‌ಡೇಟ್: ಅಲ್ಯೂಮಿನಿಯಂ ಮೆಟಾಲಿಕ್ ಗ್ಲಾಸ್‌ಗೆ ಲ್ಯಾಂಥನಮ್ ಸೇರಿಸಿದ ಮೇಲೆ

ಮೆಟಾಲಿಕ್ ಗ್ಲಾಸ್ ಅಂದರೆ ಪರಮಾಣುಗಳು ಹರಳಿನಂತೆ ಸಾಲಾಗಿ ಕೂರದೆ, ಗಾಜಿನಂತೆ ಅಡ್ಡಾದಿಡ್ಡಿಯಾಗಿ ಇರುವ ಮಿಶ್ರಲೋಹ. ಬೆಂಗಳೂರಿನ ನಮ್ಮ ಲ್ಯಾಬಿನ ಇಂಥ ಅಲ್ಯೂಮಿನಿಯಂ-ನಿಕಲ್-ಯಿಟ್ರಿಯಂ ರಿಬ್ಬನ್ (ತೆಳು ಪಟ್ಟಿ) ಬಿಸಿ ಮಾಡಿದರೆ ಬೇಗ ಹರಳುಗಟ್ಟುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಲ್ಯಾಂಥನಮ್, ಕೋಬಾಲ್ಟ್ ಹಾಕಿ ನೋಡಿ ಅಂದಿದ್ದಿರಿ. ತುಂಬಾ ಥ್ಯಾಂಕ್ಸ್, ಕೆಲಸ ಮಾಡಿತು!

ಯಿಟ್ರಿಯಂನ ಸ್ವಲ್ಪ ಪಾಲಿನ ಬದಲು ಲ್ಯಾಂಥನಮ್, ನಿಕಲ್‌ನ ಸ್ವಲ್ಪ ಪಾಲಿನ ಬದಲು ಕೋಬಾಲ್ಟ್ ಹಾಕಿದೆವು. ಅಲ್ಯೂಮಿನಿಯಂ ಪಾಲು ಮುಟ್ಟಲಿಲ್ಲ. ಡಿಎಸ್‌ಸಿಯಲ್ಲಿ (ಬಿಸಿ ಮಾಡುತ್ತಾ ಶಾಖದ ಏರಿಳಿತ ಅಳೆಯುವ ಪರೀಕ್ಷೆ) ಹರಳುಗಟ್ಟುವುದನ್ನು ತೋರಿಸುವ ಮೊದಲ ಪೀಕ್ ಮೇಲಿನ ತಾಪಕ್ಕೆ ಸರಿದಿದೆ.

ಕಾರಣ ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಈ ಗಾಜಿನಲ್ಲಿ ಪರಮಾಣುಗಳ ಲೆಕ್ಕದಲ್ಲಿ ಅಲ್ಯೂಮಿನಿಯಂ ಶೇ. 85ರ ಆಸುಪಾಸು ಇರುತ್ತದೆ. ಹಾಗಾಗಿ ಅದರ ನ್ಯಾನೋ ಹರಳುಗಳು ಸುಲಭವಾಗಿ ಹುಟ್ಟುತ್ತವೆ. ಅಲ್ಯೂಮಿನಿಯಂ ಪರಮಾಣುವಿನ ತ್ರಿಜ್ಯ ಸುಮಾರು 1.43 ಆಂಗ್‌ಸ್ಟ್ರಾಂ, ನಿಕಲ್‌ನದು 1.25, ಲ್ಯಾಂಥನಮ್‌ನದು 1.88ರ ಹತ್ತಿರ. ಇಷ್ಟು ಬೇರೆ ಬೇರೆ ಅಳತೆಯ ಪರಮಾಣುಗಳು ಒತ್ತೊತ್ತಾಗಿ ಕೂತರೆ ಜಾಗ ಬದಲಿಸೋದು ಕಷ್ಟ, ಅಲ್ವಾ? ದೊಡ್ಡ ಪರಮಾಣುಗಳಂತೂ ತುಂಬಾ ನಿಧಾನ. ಹರಳು ಬೆಳೆಯಬೇಕಾದರೆ ಅವು ದಾರಿ ಬಿಡಬೇಕು.

ಒಬ್ಬರು ತಾಮ್ರ ಸೂಚಿಸಿದ್ದರು. ಸ್ಥಿರತೆ ಬೇಕಿದ್ದರೆ ಅದು ಬೇಡ. ತಾಮ್ರ ಅಲ್ಯೂಮಿನಿಯಂ ಹರಳುಗಳು ಹುಟ್ಟುವುದನ್ನು ಹೆಚ್ಚಿಸುತ್ತದೆ. ಬಲ ಬೇಕು, ಗಾಜಿನೊಳಗೆ ನ್ಯಾನೋ ಹರಳು ಇದ್ದರೂ ಸರಿ ಅನ್ನೋರಿಗೆ ಅದೇ ಒಳ್ಳೆಯದು. ಅಲ್ಯೂಮಿನಿಯಂ-ಯಿಟ್ರಿಯಂ-ಕಬ್ಬಿಣ ಗಾಜಿಗಾದರೆ ಶೇ. 0.5 ಟೈಟಾನಿಯಂ ಸಾಕು, ಸ್ಥಿರತೆ ಏರುತ್ತದೆ. ಇಷ್ಟು ಚೂರು ಇಷ್ಟೊಂದು ಬದಲಾಯಿಸುತ್ತದೆ ಅನ್ನೋದು ನನಗೆ ಈಗಲೂ ಬೆರಗು.

ಲ್ಯಾಂಥನಮ್, ಕೋಬಾಲ್ಟ್ ಎರಡನ್ನೂ ಸೇರಿಸಿದ ಮಿಶ್ರಲೋಹದಲ್ಲಿ 1 ಮಿಲಿಮೀಟರ್ ದಪ್ಪದ ಗಾಜಿನ ಕಡ್ಡಿ ಎರಕ ಹೊಯ್ದವರಿದ್ದಾರೆ. ನಾವು ಮುಂದೆ ತಾಮ್ರದ ಅಚ್ಚಿನಲ್ಲಿ ಅದನ್ನೇ ಪ್ರಯತ್ನಿಸುತ್ತೇವೆ. ಎರಕದ ವೇಳೆ ಲೋಹಕ್ಕೆ ಆಕ್ಸಿಜನ್ ಸೇರದಂತೆ ತಡೆಯೋಕೆ ಯಾರಾದರೂ ಒಳ್ಳೆ ಉಪಾಯ ಕಂಡುಕೊಂಡಿದ್ದರೆ ದಯವಿಟ್ಟು ಬರೆಯಿರಿ.