ಬಾಡಿಗೆಯ ಸಣ್ಣ ಹಡಗುಗಳು ಫ್ರೆಂಚ್ ಪ್ರೈವೇಟಿಯರ್‌ಗಳನ್ನು ಎದುರಿಸಿದ್ದು ಹೇಗೆ?

ಪ್ರಶ್ನೆ: 1793ರಲ್ಲಿ ಫ್ರಾನ್ಸ್‌ನೊಡನೆ ಯುದ್ಧ ಆರಂಭವಾದ ಬಳಿಕ ಬ್ರಿಟಿಷ್ ನೌಕಾಪಡೆಯು ಖಾಸಗಿ ಮಾಲೀಕರಿಂದ ಕಟರ್, ಲಗ್ಗರ್‌ಗಳಂಥ ಸಣ್ಣ ಹಡಗುಗಳನ್ನು ಬಾಡಿಗೆಗೆ ಪಡೆಯಿತೆಂದು ಓದಿದೆ. ಅಷ್ಟು ಬಲಿಷ್ಠ ಪಡೆಗೆ ಇವು ಏಕೆ ಬೇಕಾದವು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಮಾನ್ಯರೇ, ಸೇಂಟ್ ಮಾಲೋ, ಡಂಕರ್ಕ್‌ನಂಥ ಫ್ರೆಂಚ್ ಬಂದರುಗಳಿಂದ ಸರ್ಕಾರದ ಪರವಾನಗಿ ಪಡೆದು ಹೊರಡುತ್ತಿದ್ದ ಪ್ರೈವೇಟಿಯರ್‌ಗಳು, ಅಂದರೆ ಶತ್ರು ಹಡಗುಗಳನ್ನು ಹಿಡಿಯುವ ಖಾಸಗಿ ಹಡಗುಗಳು, ವ್ಯಾಪಾರಿ ಹಡಗುಗಳನ್ನು ಹಿಡಿದು ಕ್ಷಣದಲ್ಲಿ ಮರೆಯಾಗುತ್ತಿದ್ದವು; ಕರಾವಳಿಯ ಆಳವಿಲ್ಲದ ನೀರಿನಲ್ಲಿ ಅವುಗಳನ್ನು ಬೆನ್ನಟ್ಟುವುದು ಮೂರು ಸಾಲು ಫಿರಂಗಿ ಹೊತ್ತ ಭಾರೀ ಯುದ್ಧನೌಕೆಗೆ ಸಾಧ್ಯವಿರಲಿಲ್ಲ. ವೇಗದ ಕಟರ್‌ಗೆ ಅದು ಸಾಧ್ಯವಿತ್ತು. ಅದರಲ್ಲಿದ್ದ ಕ್ಯಾರನೇಡ್ ಎಂಬ ಗಿಡ್ಡ ಫಿರಂಗಿ ಹಗುರವಾಗಿದ್ದು, ಸಮೀಪದಿಂದ ಭಾರವಾದ ಗುಂಡನ್ನು ಹಾರಿಸುತ್ತಿತ್ತು. ಆದರೆ ದೂರದಿಂದ ಹೊಡೆಯಬಲ್ಲ ಶತ್ರು ಎದುರಾದರೆ ಅದೇ ದೌರ್ಬಲ್ಯವಾಗುತ್ತಿತ್ತು. ಇಂಥ ಹಡಗುಗಳ ನಾವಿಕರ ಧೈರ್ಯಕ್ಕೆ ಇತಿಹಾಸದಲ್ಲಿ ತಕ್ಕ ಮನ್ನಣೆ ದೊರೆತಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಮತ್ತೊಂದು ಉತ್ತರ: ಉದಾಹರಣೆಗೆ ‘ಪಿಕಲ್’ ಹಡಗನ್ನೇ ನೋಡಿ. 1800ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ‘ಸ್ಟಿಂಗ್’ ಎಂಬ ಹೆಸರಿನಲ್ಲಿ ಬಾಡಿಗೆಗೆ ಬಂದ ಈ ಸ್ಕೂನರ್ (ಒಂದು ಬಗೆಯ ಸಣ್ಣ ಹಾಯಿಹಡಗು) ಅನಂತರ ಖರೀದಿಯಾಗಿ ಹೆಸರು ಬದಲಿಸಿಕೊಂಡಿತು. 1805ರಲ್ಲಿ ಟ್ರಫಾಲ್ಗರ್ ನೌಕಾಯುದ್ಧದ ವಿಜಯ ಹಾಗೂ ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ಮರಣದ ಸುದ್ದಿಯನ್ನು ಮೊದಲು ಇಂಗ್ಲೆಂಡಿಗೆ ತಂದದ್ದು ಇದೇ. 1807ರ ಜನವರಿಯಲ್ಲಿ ಅದು ‘ಫೇವರೀಟ್’ ಎಂಬ ಫ್ರೆಂಚ್ ಪ್ರೈವೇಟಿಯರ್ ಅನ್ನು ಸೆರೆಹಿಡಿಯಿತು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಸೆರೆಸಿಕ್ಕ ಹಡಗು ಯಾರ ಪಾಲಾಗುತ್ತಿತ್ತು?

ಉತ್ತರ: ಸಮುದ್ರ ಸಂಬಂಧಿ ವಿವಾದಗಳನ್ನು ವಿಚಾರಿಸುವ ಅಡ್ಮಿರಾಲ್ಟಿ ನ್ಯಾಯಾಲಯವು ಅದನ್ನು ನ್ಯಾಯಸಮ್ಮತ ವಶವೆಂದು ತೀರ್ಪಿತ್ತ ಮೇಲೆ ಮಾರಾಟ ನಡೆದು, ಬಂದ ಹಣದಲ್ಲಿ ಅಧಿಕಾರಿಗಳಿಗೂ ನಾವಿಕರಿಗೂ ಪಾಲು ಸಿಗುತ್ತಿತ್ತು.