ಸ್ವರಗಳೆಲ್ಲ ಸಿಕ್ಕಿವೆ, ಆದರೆ ಕಾರ್ಡ್ ಹೊಂದುತ್ತಿಲ್ಲ

ಹೊಸಗಿವಿ:
ನಮಸ್ಕಾರ. ತಂದೆಯವರ ಹಳೆಯ ಕ್ಯಾಸೆಟ್ಟಿನಿಂದ ಫೋನಿಗೆ ಇಳಿಸಿಕೊಂಡ ಒಂದು ಭಾವಗೀತೆಯನ್ನು, ಅದರ ಸ್ವರಲಿಪಿ ಎಲ್ಲಿಯೂ ದೊರೆಯದ ಕಾರಣ, ಕಿವಿಯಿಂದಲೇ ಕೇಳಿ ಕೀಬೋರ್ಡಿನಲ್ಲಿ ನುಡಿಸಲು ಎರಡು ವಾರಗಳಿಂದ ಪ್ರಯತ್ನಿಸುತ್ತಿದ್ದೇನೆ. ಧ್ವನಿಮುದ್ರಣವು ಕೀಬೋರ್ಡಿನ ಶ್ರುತಿಗೆ ಕೂರುವುದಿಲ್ಲ. ಟ್ಯೂನರ್ ಆ್ಯಪ್ ಪ್ರತಿಯೊಂದು ಸ್ವರವನ್ನೂ ಸುಮಾರು 40 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲೆ ತೋರಿಸುತ್ತದೆ. ಅಷ್ಟನ್ನು ಬದಿಗಿಟ್ಟರೆ ಪಲ್ಲವಿಯಲ್ಲಿರುವುದು ಸಿ, ಡಿ, ಇ, ಜಿ, ಎ ಎಂಬ ಐದೇ ಸ್ವರಗಳು. ಇದು ಮೋಹನ ರಾಗವೆಂದು ತೀರ್ಮಾನಿಸಿ ಎಡಗೈಯಲ್ಲಿ, ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಾದ ಸಿ, ಎಫ್, ಜಿ ಮೇಜರ್ ಕಾರ್ಡ್‌ಗಳನ್ನು ಹಿಡಿದೆ. ಬಲಗೈಯ ಒಂದು ಸ್ವರವೂ ತಪ್ಪಿಲ್ಲ, ಆದರೂ ಹಾಡಿನ ವಿಷಾದವೆಲ್ಲ ಮಾಯವಾಗಿ ಮದುವೆಮನೆಯ ಸಂಗೀತದಂತೆ ಕೇಳುತ್ತದೆ. ಇನ್ನೊಂದು ತೊಡಕೆಂದರೆ, ಎರಡನೆಯ ಸಾಲಿನ ಒಂದು ಅಕ್ಷರವನ್ನು ಕಾಲು ವೇಗಕ್ಕೆ ಇಳಿಸಿ ಕೇಳಿದಾಗ ಅಲ್ಲಿ ಸಿ ಮತ್ತು ಡಿ ನಾಲ್ಕೈದು ಬಾರಿ ಅದಲುಬದಲಾಗುತ್ತವೆ. ಇವುಗಳಲ್ಲಿ ಯಾವುದನ್ನು ನುಡಿಸಬೇಕು?

ಮಂದ್ರಪಂಚಮ:
ಮೊದಲು ಶ್ರುತಿಯನ್ನು ಸರಿಪಡಿಸಿಕೊಳ್ಳಿ, ಏಕೆಂದರೆ ಅರೆಬರೆ ಹೊಂದುವ ಶ್ರುತಿಯಲ್ಲಿ ಕಿವಿ ಬೇಗ ದಣಿಯುತ್ತದೆ. ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಮೇಲಿದ್ದರೆ ಕ್ಯಾಸೆಟ್ ತುಸು ವೇಗವಾಗಿ ಓಡಿರುವ ಸಾಧ್ಯತೆಯೇ ಹೆಚ್ಚು. 40 ಸೆಂಟ್ ಎಂದರೆ ಸುಮಾರು ಶೇಕಡ 2.3ರಷ್ಟು ವೇಗ. ಕೀಬೋರ್ಡಿನ ಟ್ಯೂನಿಂಗನ್ನು 440 ಹರ್ಟ್ಸ್‌ನಿಂದ 450ಕ್ಕೆ ಏರಿಸಿದರೆ ಸಾಕು.

ಮುಖ್ಯ ದೋಷವಿರುವುದು ಷಡ್ಜದಲ್ಲಿ, ಅಂದರೆ ಹಾಡಿನ ಆಧಾರಸ್ವರವಾದ ‘ಸ’ದಲ್ಲಿ, ಎಂದು ನನ್ನ ಅನುಮಾನ. ಐದು ಸ್ವರಗಳನ್ನು ಪಟ್ಟಿ ಮಾಡಿದ ಮಾತ್ರಕ್ಕೆ ಅವುಗಳಲ್ಲಿ ಯಾವುದು ಷಡ್ಜವೆಂಬುದು ತಿಳಿಯುವುದಿಲ್ಲ. ನೀವು ಹೇಳಿದ ಐದು ಮನೆಗಳನ್ನೇ ಇಟ್ಟುಕೊಂಡು ಸಿ ಷಡ್ಜವಾದರೆ ಮೋಹನ, ಡಿ ಷಡ್ಜವಾದರೆ ಮಧ್ಯಮಾವತಿ, ಇ ಆದರೆ ಹಿಂದೋಳ, ಜಿ ಆದರೆ ಶುದ್ಧ ಸಾವೇರಿ, ಎ ಆದರೆ ಶುದ್ಧ ಧನ್ಯಾಸಿ. ಕರ್ನಾಟಕ ಸಂಗೀತದಲ್ಲಿ ಗ್ರಹಭೇದವೆಂದು ಕರೆಯುವುದು ಇದನ್ನೇ. ತಂಬೂರಿ ಆ್ಯಪಿನಲ್ಲಿ ಈ ಐದು ಸ್ವರಗಳನ್ನು ಒಂದೊಂದಾಗಿ ಶ್ರುತಿಯಾಗಿಟ್ಟು, ಪ್ರತಿ ಬಾರಿಯೂ ಪಲ್ಲವಿಯ ಕೊನೆಯ ಸಾಲನ್ನು ಬಾಯಲ್ಲಿ ಹಾಡಿ ನೋಡಿ. ನುಡಿಸಬೇಡಿ, ಹಾಡಿ, ಬೆರಳು ತನಗೆ ರೂಢಿಯಾದ ಕಡೆಗೆ ಓಡುತ್ತದೆ, ಕಂಠ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಸಾಲು ಯಾವ ಶ್ರುತಿಯಲ್ಲಿ ನಿಶ್ಚಿಂತೆಯಾಗಿ ಬಂದು ನಿಲ್ಲುತ್ತದೆಯೋ ಅದು ಷಡ್ಜ. ಹಾಡು ಆರಂಭವಾಗುವ ಸ್ವರವನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಎಷ್ಟೋ ಹಾಡುಗಳು ಪಂಚಮದಿಂದಲೋ ನಿಷಾದದಿಂದಲೋ ಏಳುತ್ತವೆ.

ಕಪ್ಪುಎರಡು:
ಅದಲುಬದಲಾಗುತ್ತಿರುವುದು ಎರಡು ಸ್ವರಗಳಲ್ಲ, ಒಂದೇ ಸ್ವರದ ಗಮಕ, ಅಂದರೆ ತೂಗಾಟ. ಡಿ ಷಡ್ಜವಾಗಿ ಇದು ಮಧ್ಯಮಾವತಿಯಾದರೆ ಸಿ ಅಲ್ಲಿ ಕೈಶಿಕಿ ನಿಷಾದ (ಷಡ್ಜದ ಕೆಳಗಿನ ಸ್ವರ) ಆಗುತ್ತದೆ, ಆ ನಿಷಾದವನ್ನು ಷಡ್ಜದ ಕಡೆಗೆ ತೂಗಿ ಹಾಡುವುದು ವಾಡಿಕೆ. ಅರ್ಧ ವೇಗಕ್ಕಿಂತ ಕೆಳಗಿಳಿಸಿದರೆ ಗಮಕವು ಬಿಡಿಬಿಡಿ ಸ್ವರಗಳಾಗಿ ಒಡೆದು ಕೇಳಿಸುತ್ತದೆ. ಕೀಬೋರ್ಡಿನಲ್ಲಿ ಸಿ ಒಂದನ್ನೇ ಒತ್ತಿ, ಸಾಧ್ಯವಿದ್ದರೆ ಪಿಚ್ ಬೆಂಡ್ ಚಕ್ರದಿಂದ ಸ್ವಲ್ಪ ತೂಗಿ.

ಹೊಸಗಿವಿ:
ಡಿ ಶ್ರುತಿಯಲ್ಲಿ, ಅಂದರೆ ಬಿಳಿ ಎರಡರಲ್ಲಿ, ಹಾಡಿದಾಗ ಸಾಲು ತಾನಾಗಿಯೇ ಬಂದು ಕುಳಿತಿತು! ಆದರೆ ಕಾರ್ಡ್ ಇನ್ನೂ ಬಗೆಹರಿದಿಲ್ಲ. ಡಿ ಮೇಜರ್ ಹಿಡಿದರೆ ಕರ್ಕಶವಾಗುತ್ತದೆ, ಡಿ ಮೈನರ್ ಹಿಡಿದರೆ ಹಿತವೆನಿಸುತ್ತದೆ. ಆದರೆ ಮೈನರ್‌ಗೆ ಬೇಕಾದ ಎಫ್ ಪಲ್ಲವಿಯಲ್ಲಿಯೇ ಇಲ್ಲ.

ಮಂದ್ರಪಂಚಮ:
ನಿಮ್ಮ ಸಂದೇಹ ಸರಿಯಾಗಿದೆ. ಮಧ್ಯಮಾವತಿಯಲ್ಲಿ ಗಾಂಧಾರವೇ, ಅಂದರೆ ಷಡ್ಜದಿಂದ ಮೂರನೆಯ ಸ್ವರವೇ, ಇಲ್ಲದಿರುವುದರಿಂದ ಷಡ್ಜದ ಮೇಲಿನ ಕಾರ್ಡ್ ಮೇಜರೋ ಮೈನರೋ ಎಂಬುದನ್ನು ರಾಗ ಹೇಳುವುದಿಲ್ಲ, ವಾದ್ಯ ಸಂಯೋಜಕರೇ ನಿರ್ಧರಿಸಿರುತ್ತಾರೆ. ನಿಮ್ಮ ಐದು ಸ್ವರಗಳಿಂದ ಪೂರ್ಣವಾಗಿ ಕಟ್ಟಬಹುದಾದ ಮೂರು ಸ್ವರಗಳ ಕಾರ್ಡ್‌ಗಳು ಸಿ ಮೇಜರ್ ಮತ್ತು ಎ ಮೈನರ್ ಎರಡೇ. ಉಳಿದವುಗಳಿಗೆ ಸಾಕ್ಷ್ಯವನ್ನು ಗಾಯಕರ ದನಿಯಲ್ಲಿ ಹುಡುಕದೆ ಹಿನ್ನೆಲೆಯಲ್ಲಿ ಹುಡುಕಬೇಕು. ಒಳ್ಳೆಯ ಹೆಡ್‌ಫೋನಿನಲ್ಲಿ ಬೇಸ್ ಗಿಟಾರನ್ನು ಮಾತ್ರ ಹಿಂಬಾಲಿಸಿ, ತಾಳದ ಎತ್ತುಗಡೆಯಲ್ಲಿ ಅದು ಹಿಡಿಯುವ ಸ್ವರವನ್ನು ಬರೆದುಕೊಳ್ಳಿ. ಬೇಸ್ ಕೇಳಿಸದಿದ್ದರೆ ಧ್ವನಿಯನ್ನು ಒಂದು ಸ್ಥಾಯಿ ಮೇಲಕ್ಕೇರಿಸಿ ಕೇಳಿ. ಚರಣವನ್ನೂ ಬಿಡಬೇಡಿ, ಪಲ್ಲವಿ ಮುಚ್ಚಿಟ್ಟ ಸ್ವರವನ್ನು ಚರಣ ಬಿಟ್ಟುಕೊಡುವುದುಂಟು.

ಹೊಸಗಿವಿ:
ಮೂರು ದಿನಗಳ ನಂತರ ಬರೆಯುತ್ತಿದ್ದೇನೆ. ಬೇಸ್ ಮೊದಲ ಸಾಲಿನಲ್ಲಿ ಡಿ, ಎರಡನೆಯದರಲ್ಲಿ ಸಿ ಹಿಡಿದು ಮತ್ತೆ ಡಿಗೆ ಮರಳುತ್ತದೆ. ಚರಣದಲ್ಲಿ ಗಾಯಕಿ ಒಂದೇ ಒಂದು ಕಡೆ ಎಫ್ ಸ್ವರವನ್ನು ಮುಟ್ಟಿ ಇಳಿಯುತ್ತಾರೆ, ಆದ್ದರಿಂದ ಡಿ ಮೈನರ್ ಖಚಿತವಾಯಿತು. ಚರಣದ ಕೊನೆಗೆ ಮಾತ್ರ ಬೇಸ್ ಜಿಗೆ ಹೋಗುತ್ತದೆ. ಅಲ್ಲಿ ಜಿ ಮೇಜರೋ, ಜಿ ಮೈನರೋ?

ಮಂದ್ರಪಂಚಮ:
ಅದನ್ನು ಧೈವತ, ಅಂದರೆ ಷಡ್ಜದಿಂದ ಆರನೆಯ ಸ್ವರ, ನಿರ್ಧರಿಸುತ್ತದೆ. ಹಿನ್ನೆಲೆಯ ಪಿಟೀಲಿನಲ್ಲೋ ಕೊಳಲಿನಲ್ಲೋ ಬಿ ಕೇಳಿಸಿದರೆ ಜಿ ಮೇಜರ್, ಆಗ ಇಡೀ ಹಾಡಿನ ಹಿಂದೆ ಖರಹರಪ್ರಿಯ ರಾಗದ ನೆರಳಿದೆ ಎನ್ನಬಹುದು. ಬಿ ಫ್ಲಾಟ್ ಕೇಳಿಸಿದರೆ ಜಿ ಮೈನರ್, ಆಗ ಅದು ನಟಭೈರವಿ ರಾಗದ ಕಡೆಯದು. ಎರಡೂ ಕೇಳಿಸದಿದ್ದರೆ ಜಿ ಮತ್ತು ಡಿ ಎರಡನ್ನೇ ಹಿಡಿಯಿರಿ, ಖಾಲಿ ಪಂಚಮ ಯಾರಿಗೂ ಅಡ್ಡಿಯಾಗುವುದಿಲ್ಲ. ರಾಗಕ್ಕೆ ಹೆಸರಿಡುವ ಅವಸರವೂ ಬೇಡ, ಭಾವಗೀತೆಗಳು ಲಕ್ಷಣಗ್ರಂಥ ತೆರೆದಿಟ್ಟುಕೊಂಡು ಹುಟ್ಟಿದವಲ್ಲ.

ಹೊಸಗಿವಿ:
ಕೊಳಲು ಬಿ ಸ್ವರವನ್ನೇ ನುಡಿಸುತ್ತಿದೆ, ಜಿ ಮೇಜರ್ ಹಿಡಿದಾಗ ಧ್ವನಿಮುದ್ರಣದೊಡನೆ ಎಲ್ಲಿಯೂ ತಿಕ್ಕಾಟವಾಗಲಿಲ್ಲ. ನಿನ್ನೆ ತಂದೆಯವರು ಪಕ್ಕದ ಕೋಣೆಯಿಂದ ಕೇಳಿ ಕ್ಯಾಸೆಟ್ ಹಾಕಿದೆಯಾ ಎಂದು ವಿಚಾರಿಸಿದರು, ಆದರೆ ಚರಣದ ಆ ಎಫ್ ಬಂದ ಕೂಡಲೇ ನನ್ನ ಬೆರಳು ತಪ್ಪಿ ಅವರಿಗೆ ನಿಜ ತಿಳಿದುಹೋಯಿತು.